ಶಿರಸಿಯಿಂದ ಕಾರವಾರಕ್ಕೆ ಒಂದು ದಿನ: ಗುಂಪಿನಲ್ಲಿ ಹೋಗುವವರು ಕೊನೆಯ ಸೈಕಲ್ಲಿನ ಲೆಕ್ಕ ಹಾಕಿ

ಶಿರಸಿ ಸೈಕಲ್ಲು

ಶಿವಮೊಗ್ಗದಿಂದ ಸಾಗರ, ಶಿರಸಿ, ಕಾರವಾರದ ಮೇಲೆ ಗೋವಾಕ್ಕೆ ಹೊರಟ ಗುಂಪಿನಲ್ಲಿ ಶಿರಸಿ–ಕಾರವಾರ ದಿನದ ಜವಾಬ್ದಾರಿ ನನಗೆ ಬಂದಿತ್ತು. ಮುಂದೆ ಹೋಗಿ ದಾರಿ ತೋರಿಸುವ ಕೆಲಸ ಅಲ್ಲ, ಎಲ್ಲರ ಹಿಂದೆ ಬರುವ ಕೆಲಸ. ಇದೇ ದಾರಿಯಲ್ಲಿ ಹೊರಡಲಿರುವ ಇನ್ನೊಂದು ಗುಂಪಿನವರು ವಿವರ ಕೇಳಿದ್ದಾರೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕದ ವಿಷಯ. ಶಿರಸಿಯಿಂದ ಕುಮಟಾ ಸುಮಾರು 60 ಕಿ.ಮೀ. ಅಲ್ಲಿಂದ ಅಂಕೋಲಾ ಮೂವತ್ತು ಚಿಲ್ಲರೆ, ಮತ್ತೆ ಕಾರವಾರಕ್ಕೆ ಅಷ್ಟೇ. ಒಟ್ಟು 125ರ ಮೇಲೆ ಅಂದುಕೊಳ್ಳಿ. ಗುಂಪಿನ ಜೋರು ಸವಾರರು ಏನು ಹೇಳುತ್ತಾರೆ? ಗಂಟೆಗೆ 25 ಹೋದರೆ ಐದು ಗಂಟೆ, ಮಧ್ಯಾಹ್ನದ ಊಟ ಕಾರವಾರದಲ್ಲೇ. ಹೀಗೆ ಹಾಕಿದ ಲೆಕ್ಕದ ಮೇಲೆ ರೂಮು, ಊಟ, ಹಿಂದೆ ಬರುವ ಗಾಡಿ ಎಲ್ಲ ನಿಂತಿರುತ್ತದೆ. ಆದರೆ ಗುಂಪು ಊರು ಮುಟ್ಟುವುದು ಕೊನೆಯವರು ಮುಟ್ಟಿದಾಗ. ಕೊನೆಯವರು ಗಂಟೆಗೆ 15ರಿಂದ 17 ಹೋಗುತ್ತಾರೆ. ತಿಂಡಿ, ನೀರು, ಒಂದು ಪಂಕ್ಚರ್, ಊಟ ಸೇರಿಸಿದರೆ ಹತ್ತು ಗಂಟೆ ಬೇಕು. ಹತ್ತು ಗಂಟೆ ಅಂತ ಮೊದಲೇ ಒಪ್ಪಿಕೊಂಡರೆ ಯಾರಿಗೂ ಅವಸರ ಇಲ್ಲ. ಐದು ಗಂಟೆ ಅಂತ ಹೊರಟರೆ ಹಿಂದಿನವರು ದಿನವಿಡೀ ತಪ್ಪು ಮಾಡಿದವರ ಹಾಗೆ ಪೆಡಲ್ ತುಳಿಯಬೇಕಾಗುತ್ತದೆ. ನನಗೆ ಅದು ಸಹಿಸಲು ಆಗುವುದಿಲ್ಲ.

ಜನವರಿಯ ಬೆಳಿಗ್ಗೆ, ಶಿರಸಿಯಲ್ಲಿ ಇಬ್ಬನಿ. ಸೂರ್ಯ ಹುಟ್ಟುವುದೇ ಏಳು ಗಂಟೆಗೆ. ನಾವು ಆರೂವರೆಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹಾಕಿಕೊಂಡು ಹೊರಟೆವು. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಕುಮಟಾವರೆಗೆ ಬರೀ ಇಳಿಜಾರು ಅಂತ ಹೊರಗಿನವರು ತಿಳಿಯುತ್ತಾರೆ. ಹಾಗಿಲ್ಲ. ಅಮ್ಮಿನಳ್ಳಿ, ರಾಗಿಹೊಸಳ್ಳಿ ಕಡೆಯೆಲ್ಲ ಏರು, ಇಳಿಜಾರು, ಮತ್ತೆ ಏರು. ಕಾಲು ಬೆಚ್ಚಗಾಗುವ ಮೊದಲೇ ಈ ಏರುಗಳು ಬರುತ್ತವೆ. ಹಿಂದಿನ ದಿನದ ಆಯಾಸ ಇರುವವರು ಇಲ್ಲೇ ಹಿಂದೆ ಬೀಳುತ್ತಾರೆ. ಸಣ್ಣ ಗೇರಿಗೆ ಹಾಕಿ ನಿಧಾನ ಹತ್ತಿ ಅಂತ ಹೇಳಬೇಕು, ಅಷ್ಟೇ. ರಸ್ತೆ ಅಗಲ ಮಾಡುವಾಗ ಮರ ಹೋಗಿವೆ. ಮೊದಲಿದ್ದ ನೆರಳು ಎಷ್ಟೋ ಕಡೆ ಈಗ ಇಲ್ಲ. ಚಳಿಗಾಲದ ಬೆಳಿಗ್ಗೆ ಅದು ಗೊತ್ತಾಗುವುದಿಲ್ಲ, ಮಾರ್ಚಿನಲ್ಲಿ ಹೋಗುವವರಿಗೆ ಗೊತ್ತಾಗುತ್ತದೆ.

ಒಂದು ಕಡೆ ಚೈನ್ ಸರಿ ಮಾಡಲು ನಿಂತಿದ್ದೆವು. ತೋಟಕ್ಕೆ ಹೊರಟಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ, ಬನ್ನಿ ಆಸರಿಗೆ ಏನಾದರೂ ಕುಡಿದು ಹೋಗಿ ಅಂತ ಮನೆಗೇ ಕರೆದರು. ಬೆಲ್ಲ, ನೀರು, ಆಮೇಲೆ ಮಜ್ಜಿಗೆ. ನಮ್ಮ ಜೊತೆಗಿದ್ದ ಬೆಂಗಳೂರಿನ ಹುಡುಗರಿಗೆ ಆಶ್ಚರ್ಯವೋ ಆಶ್ಚರ್ಯ, ಗುರುತಿಲ್ಲದವರನ್ನು ಹೀಗೆ ಒಳಗೆ ಕರೆಯುತ್ತಾರಾ ಅಂತ. ಈ ನಿಲುಗಡೆಗೆ ಇಪ್ಪತ್ತು ನಿಮಿಷ ಹೋಯಿತು. ಮುಂದಿನವರು ಫೋನ್ ಮಾಡುತ್ತಲೇ ಇದ್ದರು. ಇಂಥ ಇಪ್ಪತ್ತು ನಿಮಿಷಕ್ಕೂ ದಿನದ ಲೆಕ್ಕದಲ್ಲಿ ಜಾಗ ಬೇಕು ಅಂತ ನಾನು ಹೇಳುವುದು.

ಇನ್ನು ದೇವಿಮನೆ ಘಟ್ಟ. ಘಟ್ಟದ ತಲೆಯಲ್ಲಿ ದೇವಿಯ ಗುಡಿ ಇದೆ, ಲಾರಿ ಬಸ್ಸಿನವರೂ ಒಂದು ಗಳಿಗೆ ನಿಂತು ಕೈಮುಗಿದು ಇಳಿಯುತ್ತಾರೆ. ನಾವು ಅಲ್ಲಿ ಎಲ್ಲರನ್ನೂ ಸೇರಿಸಿ, ಪ್ರತಿ ಸೈಕಲ್ಲಿನ ಬ್ರೇಕು, ಟೈರು ಕೈಯಲ್ಲಿ ಮುಟ್ಟಿ ನೋಡಿದೆವು. ಆಮೇಲೆ ಇಬ್ಬಿಬ್ಬರಂತೆ, ನಡುವೆ ಎರಡು ನಿಮಿಷ ಬಿಟ್ಟು ಕೆಳಗೆ ಕಳಿಸಿದೆವು. ಗುಂಪಾಗಿ ಇಳಿಯಬೇಡಿ. ಇದು ಈ ದಿನದ ಅತಿ ಮುಖ್ಯ ಮಾತು. ಒಬ್ಬ ಹಠಾತ್ತನೆ ಬ್ರೇಕ್ ಹಿಡಿದರೆ ಹಿಂದಿನ ನಾಲ್ಕು ಜನ ಅವನ ಮೇಲೆ. ತಿರುವಿನಲ್ಲಿ ಎದುರಿಗೆ ಬಸ್ಸು ಬಂದರೆ ಪಕ್ಕಕ್ಕೆ ಸರಿಯಲೂ ಜಾಗ ಇರುವುದಿಲ್ಲ.

ಬ್ರೇಕನ್ನು ಒಂದೇ ಸಮ ಹಿಡಿದುಕೊಂಡು ಇಳಿದರೆ ರಿಮ್ಮು ಕಾಯುತ್ತದೆ. ರಿಮ್ಮು ಕಾದರೆ ಒಳಗಿನ ಗಾಳಿಯ ಒತ್ತಡ ಏರಿ ಟ್ಯೂಬ್ ಹೋಗಬಹುದು. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಕಾದು ಹೊಳಪು ಬಂದು ಹಿಡಿತ ಕಡಿಮೆ ಆಗುತ್ತದೆ, ಆಯಿಲ್ ಬ್ರೇಕಾದರೆ ಲಿವರ್ ಹ್ಯಾಂಡಲಿನವರೆಗೆ ಬಂದುಬಿಡಬಹುದು. ನೇರ ಇರುವ ಕಡೆ ಬಿಡಿ, ತಿರುವಿಗೆ ಮೊದಲು ಎರಡೂ ಬ್ರೇಕು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕು ಬೇಡ. ಕೈ ಸೋತರೆ ನಿಲ್ಲಿ. ನಿಂತವರನ್ನು ಯಾರೂ ಏನೂ ಅನ್ನಬಾರದು.

ಕತಗಾಲ ಬಂತು ಅಂದರೆ ಘಟ್ಟ ಮುಗಿದ ಹಾಗೆ. ಗಾಳಿಯೇ ಬೇರೆ. ಸ್ವೆಟರ್ ತೆಗೆದು ಚೀಲಕ್ಕೆ ಹಾಕುವಷ್ಟರಲ್ಲಿ ಬೆವರು. ಕುಮಟಾದಲ್ಲಿ ಬನ್ಸು, ಭಾಜಿ, ಚಹಾ. ಬಾಳೆಹಣ್ಣು ಹಾಕಿ ಕಲಸಿದ ಬನ್ಸು ಸವಾರಿಗೆ ಒಳ್ಳೆಯ ತಿಂಡಿ. ಎಣ್ಣೆ ಜಾಸ್ತಿ, ಎರಡಕ್ಕಿಂತ ಹೆಚ್ಚು ಬೇಡ.

ಕುಮಟಾದಿಂದ ಮುಂದೆ ಹೆದ್ದಾರಿ 66. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ: ಗಾಳಿ. ಚಳಿಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಸಮುದ್ರಕ್ಕೆ ಹೋಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಸಮುದ್ರದಿಂದ ತಿರುಗಿ ಬೀಸುತ್ತದೆ, ಮಧ್ಯಾಹ್ನದ ಮೇಲೆ ಹೆಚ್ಚಾಗಿ ವಾಯವ್ಯದಿಂದ. ನಾವು ಉತ್ತರಕ್ಕೆ ಹೋಗುವವರು, ಅಂದರೆ ಎದುರುಗಾಳಿ. ಮೀನುಗಾರರನ್ನು ಕೇಳಿ, ಅವರಿಗೆ ಗಂಟೆ ಸಮೇತ ಗೊತ್ತು. ಅದಕ್ಕೇ ಊಟಕ್ಕೆ ಮೊದಲು ಅಂಕೋಲಾ ಮುಟ್ಟಬೇಕು ಅಂತ ಹಠ ಹಿಡಿದಿದ್ದೆ.

ಮಿರ್ಜಾನ, ಹಿರೇಗುತ್ತಿ, ಮಾದನಗೇರಿ ದಾಟಿದ ಮೇಲೆ ಗಂಗಾವಳಿ ಸೇತುವೆ, ಆಮೇಲೆ ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ. ರಸ್ತೆ ಬದಿಯ ಚಹಾ ಅಂಗಡಿಯ ಕುಟುಂಬ ಹೋಯಿತು. ಕೇರಳದ ಲಾರಿಯನ್ನು ನದಿಯಿಂದ ಮೇಲೆತ್ತಲು ಎರಡು ತಿಂಗಳ ಮೇಲೆ ಬೇಕಾಯಿತು. ಗುಂಪಿನಲ್ಲಿ ಫೋಟೋ ತೆಗೆಯಲು ನಿಲ್ಲೋಣ ಅಂದರು. ನಾನು ಬೇಡ ಅಂದೆ. ಅದು ನಿಲ್ಲುವ ಜಾಗವೂ ಅಲ್ಲ, ಫೋಟೋದ ಜಾಗವೂ ಅಲ್ಲ. ಒಬ್ಬರ ಹಿಂದೆ ಒಬ್ಬರು ಮಾತಾಡದೆ ದಾಟಿದೆವು.

ಅಂಕೋಲಾದಲ್ಲಿ ಊಟ. ಮೀನು ತಿನ್ನುವವರಿಗೆ ಮೀನು, ನಮಗೆ ಸಾರು ಅನ್ನ. ಎರಡು ಗಂಟೆಗೆ ಮತ್ತೆ ಹೊರಟಾಗ ಎದುರುಗಾಳಿ ಶುರುವಾಗಿತ್ತು. ಅವರ್ಸಾ, ಹಾರವಾಡ ಕಡೆ ಬಯಲು ಸಿಕ್ಕಾಗ ಗಾಳಿ ಎದೆಗೇ ಹೊಡೆಯುತ್ತದೆ. ನಮ್ಮಲ್ಲಿ ಒಬ್ಬರು ಹಿರಿಯರು, ಬ್ಯಾಂಕಿನಿಂದ ನಿವೃತ್ತರು, ಗಂಟೆಗೆ 11ಕ್ಕೆ ಬಂದುಬಿಟ್ಟರು. ಬೆಳಿಗ್ಗೆಯಿಂದ ಎಲ್ಲರಿಗಿಂತ ಮುಂದೆ ಇದ್ದ ಮೂವರು ಕಾಲೇಜು ಹುಡುಗರನ್ನು ಹಿಂದಕ್ಕೆ ಕರೆದೆ. ಹುಡುಗರು ಸರದಿಯಲ್ಲಿ ಆ ಹಿರಿಯರ ಮುಂದೆ ಸೈಕಲ್ ಓಡಿಸಿ ಗಾಳಿ ತಡೆದರು, ಐದೈದು ನಿಮಿಷಕ್ಕೆ ಒಬ್ಬರು. ವೇಗ 16ಕ್ಕೆ ಬಂತು. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಎದುರುಗಾಳಿಯೂ ಅದಕ್ಕೆ ಸೇರುತ್ತದೆ, ಹಾಗಾಗಿ ಮುಂದೆ ಒಬ್ಬರಿದ್ದರೆ ಹಿಂದಿನವರಿಗೆ ಆಗುವ ಉಪಕಾರ ಚಿಕ್ಕದಲ್ಲ. ನಾನು ಆ ದಿನ ನೋಡಿದ ಅತಿ ಚೆನ್ನಾದ ಸವಾರಿ ಅದು. ಯಾರ ವೇಗದ ದಾಖಲೆಯೂ ಅದರ ಮುಂದೆ ನಿಲ್ಲುವುದಿಲ್ಲ.

ಸೂರ್ಯ ಇನ್ನೂ ಮೇಲಿರುವಾಗಲೇ ಎಲ್ಲರೂ ಒಟ್ಟಿಗೆ ಕಾರವಾರ ಮುಟ್ಟಿದೆವು.

ಕಾಳಿ ದಂಡೆಯವ

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ಗಾಳಿಯ ವಿಷಯ ನೂರಕ್ಕೆ ನೂರು ನಿಜ, ನಾವು ಕಾರವಾರದವರು ತೆಂಕಣಕ್ಕೆ ಹೋಗುವಾಗ ಮಧ್ಯಾಹ್ನ ಹೊರಡುತ್ತೇವೆ, ಬೆನ್ನಿಗೆ ಗಾಳಿ ಸಿಗುತ್ತದೆ ಅಂತ.

ಬಿಣಗಾದ ಮೇಲೆ ಸುರಂಗದಲ್ಲಿ ಬಂದಿರಾ, ಹಳೆ ರಸ್ತೆಯಲ್ಲಾ? ಸುರಂಗದೊಳಗೆ ಲಾರಿಯ ಸದ್ದು ಎಲ್ಲಿಂದ ಬರುತ್ತದೆ ಅಂತಲೇ ತಿಳಿಯುವುದಿಲ್ಲ. ಬಿಸಿಲಿನಿಂದ ಒಳಗೆ ಹೋದ ಕೂಡಲೇ ಕಣ್ಣಿಗೆ ಕತ್ತಲೆ ಬೇರೆ. ಬಂದರಿನ ಬದಿ, ಬೈತಖೋಲದ ಮೇಲೆ ಬರುವ ಹಳೆ ರಸ್ತೆ ಸೈಕಲ್ಲಿಗೆ ಒಳ್ಳೆಯದು. ಸ್ವಲ್ಪ ಸುತ್ತು, ಆದರೆ ಸಮುದ್ರ ಪಕ್ಕದಲ್ಲೇ ಇರುತ್ತದೆ.

ಮರುದಿನ ಗೋವಾಕ್ಕೆ ಹೋಗುವವರು ಕಾಳಿ ಸೇತುವೆ ಮೇಲೆ ಹುಷಾರು. ಹಳೆ ಸೇತುವೆ 2024ರ ಆಗಸ್ಟ್ 7ರಂದು ರಾತ್ರಿ ಹೊತ್ತಿನಲ್ಲಿ ಕುಸಿದ ಮೇಲೆ ಎರಡೂ ದಿಕ್ಕಿನ ಗಾಡಿಗಳನ್ನು ಉಳಿದ ಒಂದರ ಮೇಲೇ ಬಿಟ್ಟರು. ಬೆಳಿಗ್ಗೆ ಬೇಗ ದಾಟಿಬಿಡಿ.

ಶಿರಸಿ ಸೈಕಲ್ಲು

ಹಳೆ ರಸ್ತೆಯಲ್ಲೇ ಬಂದೆವು. ಸುರಂಗದಲ್ಲಿ ಇಷ್ಟು ಜನರನ್ನು ಕರೆದುಕೊಂಡು ಹೋಗಲು ನನಗೆ ಧೈರ್ಯ ಇರಲಿಲ್ಲ, ಬೇರೆಯವರಿಗೂ ಬೇಡ ಅಂತಲೇ ಹೇಳುತ್ತೇನೆ.

ಹುಬ್ಬಳ್ಳಿ ಹ್ಯಾಂಡಲ್

ಅಕ್ಕಾರ, ಒಂದು ಮಾತು ಬೇರೆ ಥರ ಹೇಳ್ತೀನ್ರಿ, ಬೇಜಾರು ಮಾಡ್ಕೋಬೇಡ್ರಿ. ವರ್ಷವಿಡೀ ಅಭ್ಯಾಸ ಮಾಡಿ ಬಂದವರಿಗೆ ಗಂಟೆಗೆ 15ರಲ್ಲಿ ಹೋಗುವುದು ಕಷ್ಟ. ನಿಧಾನ ಹೋದರೆ ಸೀಟಿನ ಮೇಲೆ ಜಾಸ್ತಿ ಹೊತ್ತು ಕೂರಬೇಕು, ಬಿಸಿಲು ಜಾಸ್ತಿ, ಮೈಕೈ ನೋವೂ ಜಾಸ್ತಿ. ಬ್ರೆವೆ ಅಂತ ಇಷ್ಟು ಗಂಟೆಯೊಳಗೆ ಮುಗಿಸಬೇಕು ಅನ್ನುವ ದೂರದ ಸವಾರಿಗಳು ಇರ್ತಾವಲ್ಲ, ಅಲ್ಲಿ ನೋಡ್ರಿ, 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, ಆ ಸಮಯದ ಒಳಗೆ ಅವರವರ ವೇಗದಲ್ಲಿ ಅವರವರು. ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಹಾಗೆ ಮಾಡಿದರೆ ಜಗಳವೇ ಇಲ್ಲ ಅಲ್ವಾ?

ಹಿರಿಯರಿಗೆ ಹಿಂದೆ ಬರುವ ಗಾಡಿ ಇದ್ದೇ ಇರುತ್ತದೆ. ಆಗದಿದ್ದರೆ ಹತ್ತಬಹುದು.

ಶಿರಸಿ ಸೈಕಲ್ಲು

ಬೇಜಾರು ಯಾಕೆ, ಕೇಳಬೇಕಾದ ಮಾತೇ. ಆದರೆ ಬ್ರೆವೆ ಬೇರೆ, ಪ್ರವಾಸ ಬೇರೆ. ಬ್ರೆವೆಯಲ್ಲಿ ಪ್ರತಿಯೊಬ್ಬರೂ ತಮ್ಮ ಊಟ, ತಮ್ಮ ರಿಪೇರಿ, ತಮ್ಮ ದಾರಿ ತಾವೇ ನೋಡಿಕೊಳ್ಳುತ್ತೇವೆ ಅಂತ ಒಪ್ಪಿಯೇ ಬಂದಿರುತ್ತಾರೆ. ಇಲ್ಲಿ ಹಾಗಲ್ಲ. ಒಂದೇ ಗಾಡಿ, ಒಂದೇ ಪಂಪು, ಒಬ್ಬನೇ ಮೆಕ್ಯಾನಿಕ್. ಮುಂದಿನವರು ನಲವತ್ತು ಕಿ.ಮೀ. ಮುಂದೆ ಹೋದರೆ ಗಾಡಿ ಯಾರ ಹಿಂದೆ ಇರಬೇಕು? ಮುಂದೆ ಟೈರು ಹರಿದರೂ ತೊಂದರೆ, ಹಿಂದೆ ಯಾರಾದರೂ ಬಿದ್ದರೂ ತೊಂದರೆ.

ಜೋರು ಸವಾರರು ಎಲ್ಲರ ಜೊತೆ ತೆವಳಲಿ ಅಂತ ನಾನು ಹೇಳಿಲ್ಲ. ಎರಡು ನಿಲುಗಡೆಗಳ ನಡುವೆ ಅವರು ಎಷ್ಟು ಜೋರಾದರೂ ಹೋಗಲಿ. ನಿಲುಗಡೆ ಮಾತ್ರ ದಾಟಬಾರದು. ಅಂದು ನಮಗೆ ದೇವಿಮನೆ, ಕತಗಾಲ, ಕುಮಟಾ, ಅಂಕೋಲಾ, ಬಿಣಗಾ ಇಷ್ಟು ಕಡೆ ಎಲ್ಲರೂ ಸೇರಲೇಬೇಕು ಅಂತ ಇತ್ತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿ ಹೋಗಿ ಅರ್ಧ ಗಂಟೆ ಕಾಯುವುದು ಸುಮ್ನೆ ಕೂತ ಹಾಗಲ್ಲ, ಆ ಹೊತ್ತಿನಲ್ಲಿ ಅವರು ನೀರು ತುಂಬಿಸಿಟ್ಟರು, ಹೋಟೆಲಿನಲ್ಲಿ ತಿಂಡಿ ಹೇಳಿದರು, ಒಬ್ಬ ಹುಡುಗ ಹಿಂದಿನವರ ಚೈನಿಗೆ ಎಣ್ಣೆ ಹಾಕಿಕೊಟ್ಟ.

ಗಾಡಿ ಹತ್ತುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಆಗುವುದಿಲ್ಲ ಅಂತ ಅವರೇ ಹೇಳಿದರೆ ಸರಿ. ಲೆಕ್ಕ ಸರಿ ಹಾಕದ ಕಾರಣಕ್ಕೆ ಹತ್ತಿಸುವುದು ಸರಿಯಲ್ಲ.

ಹುಬ್ಬಳ್ಳಿ ಹ್ಯಾಂಡಲ್

ನಿಲುಗಡೆ ಲೆಕ್ಕ ಒಪ್ಪಿದೆ ನೋಡ್ರಿ. ನಮ್ಮ ಗುಂಪಿನಲ್ಲಿ ಹೊರಡುವ ಸಮಯ ಮಾತ್ರ ಬರೆದುಕೊಳ್ಳುತ್ತೇವೆ, ಸೇರುವ ಜಾಗ ಬರೆಯುವುದಿಲ್ಲ. ಬರೆಯಬೇಕು.

ಕುಮಟೆ ಬದಿಯಿಂದ

ಗುಂಪು ಚಿಕ್ಕದಿದ್ದರೆ ಕುಮಟಾದಿಂದ ಹೆದ್ದಾರಿ ಬಿಟ್ಟು ಇನ್ನೊಂದು ದಾರಿ ಇದೆ. ಹೊಲನಗದ್ದೆ, ಬಾಡ, ಕಾಗಾಲದ ಮೇಲೆ ಅಘನಾಶಿನಿ ಊರಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿ ತದಡಿ. ಸೈಕಲ್ಲನ್ನೂ ದೋಣಿಗೆ ಹಾಕಿಕೊಳ್ಳುತ್ತಾರೆ. ಆಚೆ ಹೋದ ಮೇಲೆ ಸಾಣಿಕಟ್ಟಾ ಉಪ್ಪಿನ ಆಗರ ನೋಡಿಕೊಂಡು ಮಾದನಗೇರಿಯಲ್ಲಿ ಮತ್ತೆ ಹೆದ್ದಾರಿ ಸೇರಬಹುದು. ಲಾರಿ ಕಾಟ ಇಲ್ಲ, ಊರೊಳಗಿನ ರಸ್ತೆ.

ಅಘನಾಶಿನಿ ಹೊಳೆ ಸಮುದ್ರ ಸೇರುವ ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಉಬ್ಬರದ ಉಪ್ಪುನೀರು ಬರುವ ಗಜನಿ ಗದ್ದೆ, ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ, ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕುವ ಹೆಂಗಸರು. ಹೆದ್ದಾರಿಯಲ್ಲಿ ಹೋದರೆ ಇದು ಯಾವುದೂ ಕಾಣುವುದಿಲ್ಲ. ನಮ್ಮ ಊರಿಗೆ ಬಂದು ನಮ್ಮ ಹೊಳೆಯನ್ನೇ ನೋಡದೆ ಹೋಗುತ್ತಾರಲ್ಲ ಅಂತ ನನಗೆ ಬೇಸರ. ಆದರೆ ಇಪ್ಪತ್ತು ಜನ ಒಮ್ಮೆಲೇ ಬಂದರೆ ದೋಣಿ ಎರಡು ಮೂರು ಸಲ ಓಡಬೇಕು. ಊರಿನ ಜನ ಕಾಯುವ ಹಾಗೆ ಮಾಡಬೇಡಿ, ಮೊದಲು ಅವರು ಹತ್ತಲಿ.

ಹೊನ್ನಾವರ ಹುಡುಗಿ

ನಾನು ಮೊದಲ ಸಲ ಗುಂಪಿನಲ್ಲಿ ಹೋಗುತ್ತಿದ್ದೇನೆ ಅಕ್ಕ. ಎರಡು ಪ್ರಶ್ನೆ. ನನ್ನದು ಸಾದಾ ರಿಮ್ ಬ್ರೇಕಿನ ಸೈಕಲ್ಲು, ಘಟ್ಟಕ್ಕೆ ಸಾಕಾ? ಇನ್ನೊಂದು, ದಾರಿಯಲ್ಲಿ ಶೌಚಾಲಯಕ್ಕೆ ಏನು ಮಾಡಿದಿರಿ? ಇದನ್ನು ಯಾರೂ ಬರೆಯುವುದೇ ಇಲ್ಲ. ಮನೆಯಲ್ಲಿ ಅಮ್ಮ ಕೇಳಿದ್ದೂ ಇದನ್ನೇ.

ಶಿರಸಿ ಸೈಕಲ್ಲು

ತಂಗಿ, ಬ್ರೇಕಿಗೆ ಹೆದರಬೇಡ. ಒಳ್ಳೆಯ ರಬ್ಬರ್ ಇದ್ದರೆ ರಿಮ್ ಬ್ರೇಕು ಸಾಕು. ಹೊರಡುವ ವಾರ ರಬ್ಬರ್ ಹೊಸದು ಹಾಕಿಸು, ರಬ್ಬರಿನ ಗೆರೆ ಸವೆದಿದ್ದರೆ ಅದು ಮುಗಿದ ಹಾಗೆ. ರಿಮ್ಮಿನ ಮೇಲೆ ಎಣ್ಣೆ ಬೀಳದಂತೆ ನೋಡಿಕೋ, ಬ್ರೇಕಿನ ಕೇಬಲ್ ಎಳೆ ಬಿಟ್ಟಿದೆಯಾ ನೋಡು. ಬೆನ್ನಿಗೆ ಭಾರದ ಚೀಲ ಬೇಡ, ಅದು ಗಾಡಿಗೆ ಹೋಗಲಿ. ಮನೆ ಹತ್ತಿರದ ಇಳಿಜಾರಿನಲ್ಲಿ ಗಟ್ಟಿ ಬ್ರೇಕು ಹಿಡಿದು ನಿಲ್ಲಿಸುವ ಅಭ್ಯಾಸ ಮಾಡು, ಹಿಡಿಯುವಾಗ ಮೈ ಹಿಂದಕ್ಕೆ ಸರಿಸಬೇಕು. ಮಳೆಗಾಲದಲ್ಲಿ ಈ ಘಟ್ಟ ಬೇಡವೇ ಬೇಡ, ಮಣ್ಣು ಜಾರುತ್ತದೆ.

ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು. ಶೌಚಾಲಯ ಇಲ್ಲ ಅಂತ ಹೆಂಗಸರು ನೀರೇ ಕುಡಿಯುವುದಿಲ್ಲ. ಕರಾವಳಿಯ ಸೆಕೆಯಲ್ಲಿ ನೀರು ಕುಡಿಯದೆ ಪೆಡಲ್ ತುಳಿದರೆ ತಲೆನೋವು, ವಾಂತಿ, ಕಾಲು ಹಿಡಿತ ಎಲ್ಲ ಬರುತ್ತದೆ. ಆಮೇಲೆ ಹೆಂಗಸರಿಗೆ ಶಕ್ತಿ ಸಾಲದು ಅನ್ನುತ್ತಾರೆ. ನಾವು ನಿಲುಗಡೆಗಳನ್ನು ಆರಿಸಿದ್ದೇ ಇದನ್ನು ನೋಡಿ. ಕುಮಟಾ, ಅಂಕೋಲಾ ಬಸ್ ನಿಲ್ದಾಣ, ಹೆದ್ದಾರಿಯ ಪೆಟ್ರೋಲ್ ಬಂಕುಗಳು, ಊಟದ ಹೋಟೆಲು. ಘಟ್ಟದ ಭಾಗದಲ್ಲಿ ಮನೆಗಳಲ್ಲಿ ಕೇಳಿದರೆ ಯಾರೂ ಇಲ್ಲ ಅನ್ನಲಿಲ್ಲ. ನಿಮ್ಮ ಗುಂಪಿನ ಮುಂದಾಳನ್ನು ಈಗಲೇ ಕೇಳು, ನಿಲ್ಲುವ ಜಾಗಗಳಲ್ಲಿ ಶೌಚಾಲಯ ಎಲ್ಲೆಲ್ಲಿ ಇದೆ ಅಂತ. ಉತ್ತರ ಇಲ್ಲದಿದ್ದರೆ ಅವರ ತಯಾರಿ ಸಾಲದು ಅಂತ ತಿಳಿ. ಸಂಕೋಚ ಪಡಬೇಡ.

ಹಿಂದಿನ ಸೈಕಲ್ಲಿನವ

ಮೇಲೆ ಬರೆದ ಬ್ಯಾಂಕಿನ ಹಿರಿಯ ನಾನೇ. ಒಂದು ಮಾತು ಸೇರಿಸುತ್ತೇನೆ. ಹಾರವಾಡ ಹತ್ತಿರ ಕಾಲು ಹಿಡಿದುಕೊಂಡಿದ್ದಕ್ಕೆ ಗಾಳಿ ಒಂದೇ ಕಾರಣ ಅಲ್ಲ. ಬೆವರು ಹೋದ ಮೇಲೆ ಬರೀ ನೀರು ಸಾಲುವುದಿಲ್ಲ, ಉಪ್ಪೂ ಬೇಕು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಚಹಾ ಚಮಚ, ತಲೆ ಸಮ ಮಾಡಿ ಅಳೆದದ್ದು. ಮಜ್ಜಿಗೆಗೆ ಉಪ್ಪು ಹಾಕಿ ಕುಡಿದರೂ ಒಳ್ಳೆಯದು. ನಮ್ಮ ಕಡೆಯ ಮುರುಗಲು (ಕೋಕಂ) ಶರಬತ್ತಿಗೂ ಒಂದು ಚಿಟಿಕೆ ಉಪ್ಪು ಬೀಳುತ್ತದೆ, ಆ ಬಿಸಿಲಿಗೆ ಅದರಷ್ಟು ಹಿತ ಇನ್ನೊಂದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಹೊರಡಬೇಕು, ನಾನು ಕೇಳಿಯೇ ಬಂದಿದ್ದೆ.

ಹುಬ್ಬಳ್ಳಿಯವರು ಗಾಡಿ ಹತ್ತಬಹುದು ಅಂದರು. ಅಂದು ಹತ್ತಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಆ ಹುಡುಗರು ಒಬ್ಬರ ನಂತರ ಒಬ್ಬರು ಮುಂದೆ ಬಂದು, ಅಂಕಲ್ ನನ್ನ ಚಕ್ರ ಮಾತ್ರ ನೋಡ್ತಾ ಬನ್ನಿ ಅಂದಾಗ ನನಗೆ ಹತ್ತುವ ಯೋಚನೆಯೇ ಬರಲಿಲ್ಲ. ಮುಂದಿನ ಚಕ್ರಕ್ಕೆ ಒಂದು ಸೈಕಲ್ಲಿನಷ್ಟು ಅಂತರ ಇಡಿ, ತೀರಾ ಅಂಟಿಕೊಳ್ಳಬೇಡಿ, ಎರಡು ಚಕ್ರ ತಾಗಿದರೆ ಬೀಳುವುದು ಹಿಂದಿನವರೇ. ಮುಂದಿನವರು ಗುಂಡಿ ಬಂದರೆ ಕೈಯಿಂದ ತೋರಿಸಬೇಕು, ನಿಲ್ಲಿಸುವಾಗ ಕೂಗಿ ಹೇಳಬೇಕು. ಹುಡುಗರು ಇದನ್ನು ಚೊಕ್ಕವಾಗಿ ಮಾಡಿದರು.

ಹುಬ್ಬಳ್ಳಿ ಹ್ಯಾಂಡಲ್

ಸರ್, ನೀವೇ ಬರೆದದ್ದು ಓದಿ ಖುಷಿ ಆಯಿತು. ಗಾಡಿಯ ಮಾತು ವಾಪಸ್ ತಗೊಂಡೆ.

ಹೊಸಬ, ದಾವಣಗೆರೆ

ನಮಗೆ ರಜೆ ಕಡಿಮೆ, ಕಾರವಾರಕ್ಕೇ ಮುಗಿಸಬೇಕು. ಸೈಕಲ್ಲು ವಾಪಸ್ ತರುವುದು ಹೇಗೆ? ಹಾಗೆಯೇ ದೇವಿಮನೆ ಮುಚ್ಚಿದ್ದರೆ ಅರಬೈಲು ಘಟ್ಟದಲ್ಲಿ ಇಳಿಯಬಹುದಾ?

ಕಾಳಿ ದಂಡೆಯವ

ಕೊಂಕಣ ರೈಲ್ವೆಯ ಕಾರವಾರ ನಿಲ್ದಾಣ ಪೇಟೆಯಲ್ಲಿ ಇಲ್ಲ, ಶಿರವಾಡದಲ್ಲಿದೆ. ಸೈಕಲ್ಲನ್ನು ಲಗೇಜು ಅಂತ ಬುಕ್ ಮಾಡಿ ರೈಲಿನ ಲಗೇಜ್ ಡಬ್ಬಿಗೆ ಹಾಕಿಸಬೇಕು. ಗುಂಪಿನದ್ದಾದರೆ ಒಂದು ದಿನ ಮೊದಲೇ ಹೋಗಿ ಮಾತಾಡಿ, ರೈಲು ನಿಲ್ಲುವ ಹೊತ್ತು ಕಡಿಮೆ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಕಟ್ಟಿ, ಹಿಂದಿನ ಗೇರಿನ ಭಾಗಕ್ಕೆ ರಟ್ಟು ಸುತ್ತಿ. ಹೆಸರು, ಊರು ಬರೆದ ಚೀಟಿ ಎರಡು ಕಡೆ ಇರಲಿ. ಆದರೆ ನೀವು ದಾವಣಗೆರೆಯವರು, ರೈಲಿನಲ್ಲಿ ಸುತ್ತಾಗುತ್ತದೆ. ನಾಲ್ಕೈದು ಜನ ಸೇರಿ ಒಂದು ಸಣ್ಣ ಗೂಡ್ಸ್ ಗಾಡಿ ಮಾಡಿಕೊಂಡರೆ ಸುಲಭ.

ಶಿರಸಿ ಸೈಕಲ್ಲು

ಅರಬೈಲು ಬೇಡ. ಅದು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ 52, ಹಗಲು ರಾತ್ರಿ ಲಾರಿಗಳ ಸಾಲು. ಮತ್ತಿಘಟ್ಟದ ಕಡೆಯಿಂದ ವಡ್ಡಿ ಘಟ್ಟದ ದಾರಿ ಇದೆ, ಚೆಂದ ಇದೆ, ಆದರೆ ಕಡಿದಾಗಿದೆ, ರಸ್ತೆ ಸಣ್ಣದು, ಫೋನ್ ಸಿಗದ ಜಾಗ ಬಹಳ. ಹೊಸಬರ ಗುಂಪಿಗೆ ಅದೂ ಬೇಡ. ದೇವಿಮನೆ ಮುಚ್ಚಿದ್ದರೆ ಒಂದು ದಿನ ಶಿರಸಿಯಲ್ಲೇ ಉಳಿದು ತೆರೆದ ಮೇಲೆ ಇಳಿಯಿರಿ. ಹೊರಡುವ ಹಿಂದಿನ ಸಂಜೆ ಶಿರಸಿ ಬಸ್ ನಿಲ್ದಾಣದಲ್ಲಿ ಕುಮಟಾ ಬಸ್ಸಿನ ಚಾಲಕರನ್ನು ಕೇಳಿ, ರಸ್ತೆಯ ಸ್ಥಿತಿ ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳುವುದಿಲ್ಲ. ನಿಮ್ಮ ಗುಂಪಿನಲ್ಲಿ ಎಷ್ಟು ಜನ, ಅತಿ ನಿಧಾನ ಹೋಗುವವರ ವೇಗ ಎಷ್ಟು ಅಂತ ತಿಳಿಸಿ, ನಿಲುಗಡೆಗಳ ಸಮಯ ಹಾಕಿಕೊಡುತ್ತೇನೆ.